ಸಿಫ್ನೋಸ್ ದ್ವೀಪ: ಮೇ ಕೊನೆಯ ವಾರ ಹೋಗುವವರು ಇಲ್ಲಿ ಬರೆಯಿರಿ

ಕಡಲಹಕ್ಕಿ | ಏಪ್ರಿಲ್ 27, 2025

ಗ್ರೀಸ್‌ನ ಮಾತು ಬಂದಾಗಲೆಲ್ಲ ನಮ್ಮವರು ಸಾಂಟೊರಿನಿ, ಮಿಕೊನೊಸ್ ಎನ್ನುತ್ತಾರೆ. ಆ ಎರಡರ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ನಾನು ಬರೆಯಬೇಕೆಂದಿರುವುದು ಸಿಫ್ನೋಸ್ ಬಗ್ಗೆ, ಅದರಲ್ಲೂ ಮೇ, ಜೂನ್ ತಿಂಗಳ ಸಿಫ್ನೋಸ್ ಬಗ್ಗೆ. ಕೆಲಸದ ನಿಮಿತ್ತ ಜರ್ಮನಿಯಲ್ಲಿರುವ ನಾನು ಕಳೆದ ಮೂರು ವರ್ಷಗಳಿಂದ ರಜೆಯನ್ನೆಲ್ಲ ಕೂಡಿಟ್ಟುಕೊಂಡು ಈ ದಿನಗಳಲ್ಲಿ ಅಲ್ಲಿಗೆ ಹೋಗುತ್ತಿದ್ದೇನೆ.

ದ್ವೀಪ ಚಿಕ್ಕದು, ಸುಮಾರು 74 ಚದರ ಕಿಲೋಮೀಟರ್. ವರ್ಷವಿಡೀ ಅಲ್ಲೇ ಇರುವವರು ಮೂರು ಸಾವಿರಕ್ಕಿಂತ ಕಡಿಮೆ. ವಿಮಾನ ನಿಲ್ದಾಣವಿಲ್ಲ. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ವೇಗದ ಹಡಗಿನಲ್ಲಿ ಮೂರು ಗಂಟೆಯ ಹಾದಿ, ನಿಧಾನದ ಹಡಗಿನಲ್ಲಿ ಐದು ಗಂಟೆ ದಾಟುತ್ತದೆ. ಇಳಿಯುವುದು ಕಮಾರೆಸ್ ಬಂದರಿನಲ್ಲಿ. ಅಲ್ಲಿಂದ ಬಸ್ಸು ಗುಡ್ಡ ಹತ್ತಿ ಅಪೊಲೊನಿಯಾ ಎಂಬ ಊರಿಗೆ ಹೋಗುತ್ತದೆ. ಅದೇ ದ್ವೀಪದ ರಾಜಧಾನಿ.

ಜುಲೈ, ಆಗಸ್ಟ್‌ನಲ್ಲಿ ಊರಿನವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಮನೆಮಂದಿಯೆಲ್ಲ ಹೋಟೆಲು, ಅಂಗಡಿ, ಬಾಡಿಗೆ ಕೋಣೆಗಳ ಕೆಲಸಕ್ಕೆ ನಿಂತಿರುತ್ತಾರೆ. ಮೇ ತಿಂಗಳಲ್ಲಿ ಹಾಗಲ್ಲ. ಕುರ್ಚಿಗಳಿಗೆ ಬಣ್ಣ ಹಚ್ಚುತ್ತಿರುತ್ತಾರೆ, ಗೋಡೆಗೆ ಸುಣ್ಣ ಹೊಡೆಯುತ್ತಿರುತ್ತಾರೆ. ಓಣಿಯ ಹಾಸುಗಲ್ಲುಗಳ ಸಂದಿಗೆ ಬಿಳಿ ಗೆರೆ ಎಳೆಯುವ ಅಜ್ಜಿ ದಾರಿಹೋಕರನ್ನು ನಿಲ್ಲಿಸಿ ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾಳೆ. ಚಳಿಗಾಲವಿಡೀ ಅಥೆನ್ಸ್‌ನಲ್ಲಿದ್ದ ಮಕ್ಕಳು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ಇಳಿಯುವುದೂ ಆಗಲೇ. ಊರು ಮೊದಲು ತನ್ನವರನ್ನು ಕೂಡಿಸಿಕೊಳ್ಳುತ್ತದೆ. ಆ ಹೊತ್ತಿಗೆ ಹೋದವರಿಗೂ ಪಕ್ಕದಲ್ಲಿ ಜಾಗ ಸಿಗುತ್ತದೆ.

ಈ ವರ್ಷ ಮೇ 28, ಬುಧವಾರ ಸಂಜೆ ಕ್ರಿಸೊಪಿಗಿ ಎಂಬ ಚರ್ಚಿನ ಹಬ್ಬ. ಅದು ಯೇಸುವಿನ ಸ್ವರ್ಗಾರೋಹಣದ ಹಿಂದಿನ ದಿನ. ಇಡೀ ದ್ವೀಪ ಸೇರುವ ಹಬ್ಬ ಅದು. ಯಾರಾದರೂ ಆ ವಾರ ಹೋಗುವವರಿದ್ದರೆ ಇಲ್ಲಿ ಬರೆಯಿರಿ, ನನಗೆ ತಿಳಿದದ್ದನ್ನೆಲ್ಲ ಹೇಳುತ್ತೇನೆ. ಈ ಸಲ ಕೆಲಸದ ಒತ್ತಡದಿಂದ ನಾನು ಹೋಗಲಾಗುತ್ತಿಲ್ಲ. ಆ ಸಂಕಟಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ ಎಂದುಕೊಳ್ಳಿ.

ಬೇಳೆಸಾರು | ಏಪ್ರಿಲ್ 27

ಕಡಲಹಕ್ಕಿ ಅವರೇ, ಸರಿಯಾದ ಹೊತ್ತಿಗೆ ಬರೆದಿದ್ದೀರಿ. ನಾನು ಮತ್ತು ಅಮ್ಮ ಮೇ 24ಕ್ಕೆ ಅಥೆನ್ಸ್‌ಗೆ ಬರುತ್ತಿದ್ದೇವೆ. ವೀಸಾ ಬಂದಾಯಿತು. ಯಾವುದಾದರೂ ಒಂದೇ ದ್ವೀಪದಲ್ಲಿ ಒಂದು ವಾರ ನೆಮ್ಮದಿಯಾಗಿ ಇರಬೇಕು ಎಂಬುದು ಅಮ್ಮನ ಆಸೆ. ದಿನಕ್ಕೊಂದು ಊರು ಸುತ್ತುವುದು ಅವರಿಗೆ ಆಗುವುದಿಲ್ಲ.

ಅಮ್ಮನಿಗೆ 66. ಮೊಣಕಾಲು ನೋವಿದೆ, ಆದರೆ ನಿಧಾನವಾಗಿ ನಡೆಯುತ್ತಾರೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೋದ ಕಡೆಯೆಲ್ಲ ಸೌತೆಕಾಯಿ, ಟೊಮೆಟೊ, ಬ್ರೆಡ್ ತಿಂದುಕೊಂಡು ದಿನ ದೂಡಬೇಕಾಗುತ್ತದೆಯೇ? ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಇದ್ದೇ ಇದೆ. ಆದರೂ ಅಲ್ಲಿಯ ಊಟ ಮಾಡಬೇಕು ಎಂದು ಅಮ್ಮನಿಗೇ ಹೆಚ್ಚು ಹುಮ್ಮಸ್ಸು.

ಕಡಲಹಕ್ಕಿ | ಏಪ್ರಿಲ್ 28

ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದಂಥ ದ್ವೀಪ ಇದು. ಸಿಫ್ನೋಸ್‌ನ ಹೆಸರಾಂತ ಅಡುಗೆ ಮಾಂಸದ್ದಲ್ಲ, ಕಡಲೆಯದು. ರೆವಿಥಾದ ಎನ್ನುತ್ತಾರೆ. ಗ್ರೀಕರು ಇಂದಿಗೂ ಅಡುಗೆ ಪುಸ್ತಕಕ್ಕೆ ‘ತ್ಸೆಲೆಮೆಂದೆಸ್’ ಎನ್ನುವುದುಂಟು. 20ನೆಯ ಶತಮಾನದ ಮೊದಲ ಭಾಗದಲ್ಲಿ ಅಡುಗೆ ಪುಸ್ತಕ ಬರೆದು ಮನೆಮಾತಾದ ನಿಕೊಲಾವೊಸ್ ತ್ಸೆಲೆಮೆಂದೆಸ್ ಈ ದ್ವೀಪದ ಮೂಲದವರು. ಇಲ್ಲಿಯ ಜನರಿಗೆ ಅಡುಗೆಯ ವಿಷಯದಲ್ಲಿ ಎಷ್ಟು ಅಭಿಮಾನ ಎಂಬುದು ಎರಡು ದಿನದಲ್ಲೇ ನಿಮಗೆ ಗೊತ್ತಾಗುತ್ತದೆ.

ರೆವಿಥಾದಕ್ಕೆ ಬೇಕಾದದ್ದು ನೆನೆಸಿದ ಕಾಬೂಲಿ ಕಡಲೆ, ಹೆಚ್ಚಿದ ಈರುಳ್ಳಿ, ಆಲಿವ್ ಎಣ್ಣೆ, ಒಂದೆರಡು ಬೇ ಎಲೆ, ಉಪ್ಪು, ನೀರು. ಅಷ್ಟೇ. ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರಾದರೆ ಕಡಲೆ ಬೆಣ್ಣೆಯಂತೆ ಬೇಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಗಡಸು ನೀರಿನಲ್ಲಿ ಕಾಳು ಬೇಯುವುದಿಲ್ಲ ಎಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತಿರುವ ಮಾತೇ. ಇದೆಲ್ಲವನ್ನೂ ಸ್ಕೆಪಸ್ತಾರಿಯಾ ಎಂಬ ಮುಚ್ಚಳದ ಮಣ್ಣಿನ ಗಡಿಗೆಗೆ ತುಂಬಿ ಶನಿವಾರ ಸಂಜೆ ಸೌದೆ ಒಲೆಯ ಗೂಡಿಗೆ ಇಡುತ್ತಾರೆ. ರಾತ್ರಿಯಿಡೀ ಸಣ್ಣ ಶಾಖದಲ್ಲಿ ಬೇಯುತ್ತದೆ. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿ ಬರುವಾಗ ಗಡಿಗೆ ಎತ್ತಿಕೊಂಡು ಮನೆಗೆ ಹೋಗುತ್ತಾರೆ.

ಮೊದಲ ವರ್ಷ ನಾನು ಇದನ್ನು ಕಣ್ಣಾರೆ ಕಂಡೆ. ಶನಿವಾರ ಇಳಿಹೊತ್ತು, ಬೇಕರಿಯ ಹಿಂಬದಿಯ ಬಾಗಿಲು. ಒಬ್ಬೊಬ್ಬರೇ ಗಡಿಗೆಯನ್ನು ಮಗುವಿನಂತೆ ಎರಡು ಕೈಯಲ್ಲಿ ತಬ್ಬಿಕೊಂಡು ಬರುತ್ತಿದ್ದರು. ಕೆಲವು ಗಡಿಗೆಗಳ ಹಿಡಿಗೆ ಬಟ್ಟೆಯ ಚೂರು ಕಟ್ಟಿತ್ತು, ಒಂದರ ಮುಚ್ಚಳದ ಮೇಲೆ ಸೀಮೆಸುಣ್ಣದ ಗೀಟು, ಮರುದಿನ ಅದಲುಬದಲಾಗದಿರಲಿ ಎಂದು. ಬೇಕರಿಯವರು ಉದ್ದ ಹಿಡಿಕೆಯ ಮರದ ಹಲಗೆಯಿಂದ ಅವನ್ನು ಒಳಗೆ ತಳ್ಳುತ್ತಿದ್ದಂತೆ ಹೊರಗೆ ನಿಂತವರು ಯಾರ ಮನೆಗೆ ಯಾರು ಬಂದರು, ಯಾವ ಹಡಗು ತಡವಾಯಿತು, ಯಾರ ಬೆನ್ನುನೋವು ಹೇಗಿದೆ ಎಂದು ಮಾತಾಡುತ್ತಿದ್ದರು. ಇಟ್ಟು ಹೋಗಲು ಎರಡು ನಿಮಿಷ ಸಾಕು. ಮುಕ್ಕಾಲು ಗಂಟೆಯಾದರೂ ಒಬ್ಬರೂ ಕದಲಲಿಲ್ಲ.

ಉಳಿದಂತೆ ‘ಲಾದೆರಾ’ ಇದೆಯೇ ಎಂದು ಕೇಳಿ. ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಎಂದರ್ಥ. ಹುರುಳಿಕಾಯಿ, ಬೆಂಡೆಕಾಯಿ, ಅನ್ನ ತುಂಬಿದ ಟೊಮೆಟೊ, ದೊಡ್ಡ ಬಿಳಿ ಅವರೆಯಂಥ ಕಾಳು ಎಲ್ಲ ಸಿಗುತ್ತದೆ. ‘ನಿಸ್ತೀಸಿಮೊ’ ಎಂಬ ಇನ್ನೊಂದು ಪದ ಕಲಿತುಕೊಳ್ಳಿ. ಉಪವಾಸದ ಊಟ ಎಂದರ್ಥ, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ, ಕಪ್ಪೆಚಿಪ್ಪು ಇರಬಹುದು, ಅದನ್ನು ಬೇರೆಯಾಗಿ ಕೇಳಲೇಬೇಕು.

ಮೊಣಕಾಲಿನ ವಿಷಯ: ಅಪೊಲೊನಿಯಾ ಮತ್ತು ಅದರ ಪಕ್ಕದ ಊರು ಅರ್ತೆಮೊನಾಸ್‌ನ ಓಣಿಗಳಲ್ಲಿ ಮೆಟ್ಟಿಲುಗಳಿವೆ, ಅವು ತಗ್ಗು. ಕಾಸ್ಟ್ರೋ ಎಂಬ ಹಳೆಯ ಕೋಟೆಯೂರಿನಲ್ಲಿ ಮಾತ್ರ ಕೆಳಗೆ ಸಮುದ್ರದ ಕಡೆ ಇಳಿಯಬೇಡಿ, ಮೇಲೆಯೇ ಸುತ್ತಾಡಿ. ಬಸ್ ನಿಲ್ದಾಣಕ್ಕೆ ಹತ್ತಿರದಲ್ಲಿ ಮನೆ ಹಿಡಿಯಿರಿ.

ದಾರಿಹೋಕ | ಏಪ್ರಿಲ್ 29

ನಾನು ಒಪ್ಪುವುದಿಲ್ಲ. 2022ರ ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಹೋಗಿದ್ದೆವು. ಸ್ತೆನೋ ಎಂಬ ಆ ಇಕ್ಕಟ್ಟಿನ ಓಣಿಯಲ್ಲಿ ರಾತ್ರಿ ಭುಜಕ್ಕೆ ಭುಜ ತಾಗುವಷ್ಟು ಜನ. ಊಟಕ್ಕೆ ಒಂದು ಗಂಟೆ ಕಾದೆವು. ಊರಿನವರು ಯಾರು, ಬಂದವರು ಯಾರು ಎಂದೇ ಗೊತ್ತಾಗಲಿಲ್ಲ. ಒಬ್ಬರೂ ಮಾತಾಡಿಸಲಿಲ್ಲ.

ಇನ್ನೊಂದು ಮಾತು. ಅವರ ದೇವರ ಹಬ್ಬಕ್ಕೆ ನಾವು ಕ್ಯಾಮೆರಾ ಹಿಡಿದುಕೊಂಡು ಹೋಗಿ ಕೂರುವುದು ಸರಿಯೇ? ಅವರು ತಮ್ಮವರಿಗೆಂದು ಬೇಯಿಸಿದ ಅನ್ನವನ್ನು ಪ್ರವಾಸಿಗರು ಸಾಲುಗಟ್ಟಿ ತಿಂದು ಬರುವುದು ನನಗೆ ಸರಿಕಾಣುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ, ಮನಸ್ಸಿಗೆ ಬಂದದ್ದನ್ನು ಬರೆದೆ.

ಕಡಲಹಕ್ಕಿ | ಏಪ್ರಿಲ್ 29

ದಾರಿಹೋಕರೇ, ಆಗಸ್ಟ್ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜ. ಅದಕ್ಕೇ ಮೇ ತಿಂಗಳೆಂದು ಒತ್ತಿ ಹೇಳುತ್ತಿರುವುದು. ನಿಮ್ಮ ಎರಡನೆಯ ಪ್ರಶ್ನೆ ದೊಡ್ಡದು. ಮೊದಲ ವರ್ಷ ನನ್ನನ್ನೂ ಅದು ಕಾಡಿತ್ತು, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಸಿಫ್ನೋಸ್‌ನಲ್ಲಿ ವರ್ಷದ ದಿನಗಳಷ್ಟು ಚರ್ಚುಗಳಿವೆ ಎನ್ನುತ್ತಾರೆ. ಹೆಚ್ಚಿನವು ಹತ್ತು ಜನ ನಿಂತರೆ ತುಂಬುವ ಪುಟ್ಟ ಗುಡಿಗಳು. ಸಂತರ ಹೆಸರಿನ ದಿನ ಬಂದಾಗ ಅಲ್ಲಿ ಪನಿಗೀರಿ, ಅಂದರೆ ಹಬ್ಬ. ಅದರ ಖರ್ಚು, ಅಡುಗೆ, ಓಡಾಟ ಎಲ್ಲವನ್ನೂ ಒಂದು ಮನೆಯವರು ಹೊರುತ್ತಾರೆ. ಹಾಗೆ ಹೊಣೆ ಹೊತ್ತವರಿಗೆ ಪನಿಗಿರಾಸ್ ಎಂದು ಹೆಸರು. ಸಂತರ ಪಟ ಆ ವರ್ಷವೆಲ್ಲ ಅವರ ಮನೆಯಲ್ಲೇ ಇರುತ್ತದೆ. ಅದರ ಮುಂದೆ ದೀಪ ಆರದಂತೆ ನೋಡಿಕೊಳ್ಳುವುದು ಅವರ ಕೆಲಸ. ವರ್ಷ ತುಂಬಿದಾಗ ಹಬ್ಬ ಮಾಡಿ ಮುಂದಿನ ಮನೆಯವರಿಗೆ ಒಪ್ಪಿಸುತ್ತಾರೆ. ಕ್ರಿಸೊಪಿಗಿಯ ಪಟಕ್ಕಾದರೆ ಸರದಿ ಬರಲು ವರ್ಷಗಟ್ಟಲೆ ಕಾಯುವವರಿದ್ದಾರೆ.

ಹೀಗೆ ಹೊಣೆ ಹೊತ್ತ ಮನೆ ಊಟ ಹಾಕುವುದು ತಮ್ಮ ನೆಂಟರಿಗೆ ಮಾತ್ರ ಅಲ್ಲ. ಬಂದವರಿಗೆಲ್ಲ ಹಾಕಬೇಕು, ಅದೇ ಹರಕೆ. ಯಾರೂ ದುಡ್ಡು ಕೇಳುವುದಿಲ್ಲ, ನೀವು ಯಾರ ಕಡೆಯವರು ಎಂದೂ ಕೇಳುವುದಿಲ್ಲ. ಉದ್ದನೆಯ ಮೇಜು, ಎರಡು ಕಡೆ ಬೆಂಚು. ಪಂಕ್ತಿ ಕೂರುತ್ತದೆ, ಉಣ್ಣುತ್ತದೆ, ಏಳುತ್ತದೆ. ಮುಂದಿನ ಪಂಕ್ತಿಯವರು ಗೋಡೆಗೆ ಒರಗಿ ನಿಂತು ಕಾಯುತ್ತಿರುತ್ತಾರೆ. ಏಳುವಾಗ ಪನಿಗಿರಾಸ್‌ಗೆ ‘ಕೆ ತೂ ಹ್ರೋನೂ’ ಎನ್ನುತ್ತಾರೆ, ಮುಂದಿನ ವರ್ಷವೂ ಹೀಗೇ ಆಗಲಿ ಎಂದು.

ಆದ್ದರಿಂದ ಹೋಗುವುದು ತಪ್ಪಲ್ಲ. ಹೋದಮೇಲೆ ಹೇಗಿರುತ್ತೇವೆ ಎಂಬುದರಲ್ಲಿ ತಪ್ಪು ಸರಿ ಇದೆ. ಊಟಕ್ಕೆ ಮಾತ್ರ ಹೋಗಬೇಡಿ, ಪ್ರಾರ್ಥನೆಗೂ ನಿಲ್ಲಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡಿ. ನಮ್ಮ ಸೀರೆ, ಚೂಡಿದಾರ ಧಾರಾಳವಾಗಿ ಸಾಕು. ಮೇಣದಬತ್ತಿ ತೆಗೆದುಕೊಂಡು ಡಬ್ಬಿಗೆ ನಾಣ್ಯ ಹಾಕಿ. ಉಣ್ಣುವವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಎಲ್ಲಕ್ಕಿಂತ ಮುಖ್ಯ, ಊಟವಾದ ಕೂಡಲೇ ಏಳಿ. ಹೊರಗಿನವರು ಸೋಲುವುದು ಇದೊಂದರಲ್ಲೇ. ಹೋಟೆಲಿನಲ್ಲಿ ಕೂತ ಹಾಗೆ ವೈನ್ ಲೋಟ ಹಿಡಿದು ಕೂತುಬಿಡುತ್ತಾರೆ. ಊರಿನವರು ಮರ್ಯಾದೆಗಂಜಿ ಏನೂ ಹೇಳುವುದಿಲ್ಲ. ಹೇಳದಿದ್ದರೂ ಬೆನ್ನ ಹಿಂದೆ ಒಬ್ಬ ಅಜ್ಜ ನಿಂತೇ ಇರುತ್ತಾನೆ.

ನೇತ್ರಾವತಿ | ಮೇ 2

ನಾನು ಮಂಗಳೂರಿನ ಕಡೆಯವಳು, ಕ್ಯಾಥೊಲಿಕ್. ಯಜಮಾನರು ಹಡಗಿನ ಕೆಲಸದಲ್ಲಿದ್ದವರು. ಪಿರೇಯಸ್‌ನ ಮಾತು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಈಗ ನಿವೃತ್ತರಾಗಿದ್ದಾರೆ, ಇಬ್ಬರೂ ಜೂನ್ ಮೊದಲ ವಾರಕ್ಕೆ ಹೊರಟಿದ್ದೇವೆ. ಹಬ್ಬ ತಪ್ಪುತ್ತದೆ ಎಂದು ಓದಿ ಬೇಸರವಾಯಿತು.

ಎರಡು ಪ್ರಶ್ನೆ. ಅವರ ಪೂಜೆಯಲ್ಲಿ ನಾವು ಪರಮಪ್ರಸಾದ ಸ್ವೀಕರಿಸಬಹುದೇ? ಜೂನ್‌ನಲ್ಲಿ ಏನಾದರೂ ಹಬ್ಬವಿದೆಯೇ?

ಕಡಲಹಕ್ಕಿ | ಮೇ 2

ಪರಮಪ್ರಸಾದ ಆರ್ಥಡಾಕ್ಸ್ ಸಭೆಯವರಿಗೆ ಮಾತ್ರ. ಅದನ್ನು ಕೇಳದಿರುವುದೇ ಒಳ್ಳೆಯದು. ಆದರೆ ಹಬ್ಬದ ಸಂಜೆಯ ಪ್ರಾರ್ಥನೆಯಲ್ಲಿ ಐದು ರೊಟ್ಟಿಗಳನ್ನು ಹರಸಿ ಹಂಚುವ ಆರ್ತೊಕ್ಲಾಸಿಯಾ ಎಂಬ ಪದ್ಧತಿಯಿದೆ. ಆ ರೊಟ್ಟಿ ಎಲ್ಲರಿಗೂ ಸಲ್ಲುತ್ತದೆ, ನೀವೂ ಕೈಯೊಡ್ಡಿ. ಯೇಸು ಐದು ರೊಟ್ಟಿಯಿಂದ ಐದು ಸಾವಿರ ಜನರಿಗೆ ಉಣಬಡಿಸಿದ್ದನ್ನು ನೆನೆದು ಮಾಡುವುದು ಅದು. ನಿಮಗೆ ವಿವರಿಸಬೇಕಾಗಿಲ್ಲ.

ಜೂನ್ 9, ಸೋಮವಾರ ಪವಿತ್ರಾತ್ಮದ ಹಬ್ಬ. ದೇಶದ ಬಹುಪಾಲು ಕಡೆ ರಜೆ ಇರುವುದರಿಂದ ಹಿಂದಿನ ಶುಕ್ರವಾರದಿಂದಲೇ ಹಡಗುಗಳು ತುಂಬುತ್ತವೆ. ಟಿಕೆಟ್ ಈಗಲೇ ಮಾಡಿಸಿಡಿ. ಅಲ್ಲಿಯೇ ಉಳಿಯುವುದಾದರೆ ಜೂನ್ 23ರ ರಾತ್ರಿ ಸಂತ ಯೋಹಾನರ ಬೆಂಕಿ. ಮೇ ಒಂದರಂದು ಬಾಗಿಲಿಗೆ ಕಟ್ಟಿದ ಹೂವಿನ ಬಳೆ ಅಷ್ಟರಲ್ಲಿ ಒಣಗಿ ಕಡ್ಡಿಯಾಗಿರುತ್ತದೆ. ಅದನ್ನು ಬೆಂಕಿಗೆ ಹಾಕಿ, ಮಕ್ಕಳು ದೊಡ್ಡವರೆನ್ನದೆ ಮೂರು ಸಲ ಮೇಲಿನಿಂದ ಹಾರುವುದು ಗ್ರೀಸ್‌ನ ಹಲವು ಕಡೆ ನಡೆದುಬಂದ ಪದ್ಧತಿ.

ಇನ್ನು ಚಿಕ್ಕ ಗುಡಿಗಳ ಹಬ್ಬ ಯಾವ ದಿನ ಎಲ್ಲಿ ಎಂದು ಮನೆಯೊಡತಿಯನ್ನು ಕೇಳಿ. ಆಕೆಗೆ ಗೊತ್ತಿಲ್ಲದ ಹಬ್ಬವಿರುವುದಿಲ್ಲ.

ಹಳೆಯಕಲ್ಲು | ಮೇ 4

ದಿನಾಂಕದ ಬಗ್ಗೆ ಒಂದು ವಿವರ ಸೇರಿಸುತ್ತೇನೆ, ಮುಂದಿನ ವರ್ಷ ಹೋಗುವವರಿಗೆ ಬೇಕಾಗುತ್ತದೆ. ಸ್ವರ್ಗಾರೋಹಣ ಈಸ್ಟರ್‌ನಿಂದ ನಲವತ್ತನೆಯ ದಿನ, ಯಾವಾಗಲೂ ಗುರುವಾರ. ಆರ್ಥಡಾಕ್ಸ್ ಸಭೆ ಈಸ್ಟರನ್ನು ಹಳೆಯ ಜೂಲಿಯನ್ ಪಂಚಾಂಗದ ಪ್ರಕಾರ ಲೆಕ್ಕ ಹಾಕುವುದರಿಂದ ಕ್ಯಾಥೊಲಿಕರ ಈಸ್ಟರ್‌ಗೂ ಅದಕ್ಕೂ ಹೆಚ್ಚಿನ ವರ್ಷಗಳಲ್ಲಿ ತಾಳೆಯಾಗುವುದಿಲ್ಲ. ಈ ವರ್ಷ ಎರಡೂ ಏಪ್ರಿಲ್ 20ಕ್ಕೇ ಬಂದವು. 2024ರಲ್ಲಿ ಆರ್ಥಡಾಕ್ಸ್ ಈಸ್ಟರ್ ಮೇ 5ಕ್ಕೆ ಬಂದಿತ್ತು, ಹಾಗಾಗಿ ಸ್ವರ್ಗಾರೋಹಣ ಜೂನ್ 13ಕ್ಕೆ ಹೋಯಿತು. ಅಂತರ್ಜಾಲದಲ್ಲಿ ಸಿಕ್ಕಿದ ದಿನಾಂಕ ನೋಡಿ ಹಡಗಿನ ಟಿಕೆಟ್ ತೆಗೆಯಬೇಡಿ, ಯಾವ ವರ್ಷದ್ದೆಂದು ಮೊದಲು ನೋಡಿ.

ಕಡಲಹಕ್ಕಿ ಅವರ ಪಂಕ್ತಿಯ ಮಾತು ಓದಿ ಇನ್ನೊಂದು ವಿಷಯ ನೆನಪಾಯಿತು. ಪ್ರಾಚೀನ ಕಾಲದಲ್ಲಿ ಇದೇ ಸಿಫ್ನೋಸ್ ಚಿನ್ನ, ಬೆಳ್ಳಿಯ ಗಣಿಗಳಿಂದ ಸಿರಿವಂತವಾಗಿತ್ತು. ದ್ವೀಪದವರಲ್ಲೆಲ್ಲ ಇವರೇ ಶ್ರೀಮಂತರೆಂದೂ, ಗಣಿಯ ವರ್ಷದ ಆದಾಯವನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರೆಂದೂ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಹತ್ತನೆಯ ಒಂದು ಪಾಲು ಗ್ರೀಸ್‌ನ ಪ್ರಾಚೀನ ಪುಣ್ಯಕ್ಷೇತ್ರ ಡೆಲ್ಫಿಯ ದೇವರಿಗೆ. ಕ್ರಿಸ್ತಪೂರ್ವ 525ರ ಸುಮಾರಿಗೆ ಅವರು ಅಲ್ಲಿ ಕಟ್ಟಿಸಿದ ಅಮೃತಶಿಲೆಯ ಖಜಾನೆಯ ಉಬ್ಬುಶಿಲ್ಪಗಳು ಇಂದಿಗೂ ಡೆಲ್ಫಿಯ ವಸ್ತುಸಂಗ್ರಹಾಲಯದಲ್ಲಿವೆ. ಆಸೆಬುರುಕರಾಗಿ ದೇವರ ಪಾಲು ಕೊಡುವುದನ್ನು ನಿಲ್ಲಿಸಿದ್ದಕ್ಕೆ ಸಮುದ್ರ ನುಗ್ಗಿ ಗಣಿ ಮುಳುಗಿತು ಎಂದು ಪ್ರಾಚೀನ ಗ್ರೀಕ್ ಪ್ರವಾಸ ಲೇಖಕ ಪೌಸಾನಿಯಸ್ ಹೇಳುತ್ತಾನೆ. ಅಥೆನ್ಸ್‌ನಲ್ಲಿ ಎರಡು ದಿನ ಹೆಚ್ಚು ಸಿಕ್ಕಿದರೆ ಡೆಲ್ಫಿಗೆ ಹೋಗಿ ಆ ಶಿಲ್ಪಗಳನ್ನು ನೋಡಿ ಬನ್ನಿ.

ಬೇಳೆಸಾರು | ಮೇ 5

ಎಲ್ಲರಿಗೂ ವಂದನೆ. ಅಪೊಲೊನಿಯಾದಲ್ಲಿ ಬಸ್ ನಿಲ್ದಾಣದಿಂದ ಐದು ನಿಮಿಷದ ದೂರದಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿದಿದ್ದೇವೆ. ಹಬ್ಬದ ದಿನ ಬಿಟ್ಟರೆ ಉಳಿದ ದಿನಗಳು ಹೇಗೆ ಕಳೆಯುತ್ತವೆ? ಅಮ್ಮನಿಗೆ ಸಮುದ್ರದಲ್ಲಿ ಈಜುವ ಅಭ್ಯಾಸವಿಲ್ಲ.

ಕಡಲಹಕ್ಕಿ | ಮೇ 6

ಬೆಳಿಗ್ಗೆ ಎಂಟಕ್ಕೆ ಕಾಫೆನಿಯೋ, ಅಂದರೆ ಊರಿನ ಕಾಫಿ ಅಂಗಡಿಯ ಮುಂದೆ ಹೋಗಿ ಕೂತುಬಿಡಿ. ಒಂದು ಗ್ರೀಕ್ ಕಾಫಿ ಹೇಳಿ. ಸಕ್ಕರೆಯನ್ನು ಕುದಿಸುವಾಗಲೇ ಹಾಕುವುದರಿಂದ ಮೊದಲೇ ಹೇಳಬೇಕು: ಸಕ್ಕರೆ ಬೇಡವಾದರೆ ಸ್ಕೆತೊ, ಹದವಾಗಿದ್ದರೆ ಮೆತ್ರಿಯೊ. ಚರಟ ತಳದಲ್ಲಿ ಇಳಿಯುವವರೆಗೆ ಕಾಯಬೇಕು, ತಳವನ್ನು ಕುಡಿಯಬಾರದು. ಒಂದು ಕಾಫಿಗೆ ಒಂದೂವರೆ ಗಂಟೆ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಪನಿಗೀರಿಯ ಬೆಂಚಿಗೂ ಕಾಫೆನಿಯೋ ಕುರ್ಚಿಗೂ ಇರುವ ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ. ಹೋಗುವಾಗ ಬರುವಾಗ ಎದುರಾದವರಿಗೆಲ್ಲ ‘ಕಲಿಮೇರಾ’, ಶುಭದಿನ ಎನ್ನಿ. ಮೊದಲು ಹೇಳಬೇಕಾದವರು ಬಂದವರೇ.

ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಸದ್ದು ಮಾಡುವಂತಿಲ್ಲ. ಬೇಸಿಗೆಯಲ್ಲಿ ಇದು ದೇಶದ ಕಾನೂನು. ಅಂಗಳದಲ್ಲಿ ಜೋರಾಗಿ ಮಾತಾಡುವುದು, ಊರಿಗೆ ವೀಡಿಯೊ ಕರೆ ಮಾಡುವುದು ಬೇಡ. ನೀವೂ ಮಲಗಿ, ಏಕೆಂದರೆ ರಾತ್ರಿ ಊಟ ಒಂಬತ್ತರ ಮುಂಚೆ ಶುರುವಾಗುವುದಿಲ್ಲ.

ಸಂಜೆ ಆರರ ನಂತರ ಊರು ಮತ್ತೆ ಎದ್ದು ಕೂರುತ್ತದೆ. ಅಪೊಲೊನಿಯಾದಿಂದ ಅರ್ತೆಮೊನಾಸ್‌ಗೆ ಮನೆಗಳ ನಡುವೆ ನಡೆದುಕೊಂಡು ಹೋಗುವ ದಾರಿ ಇದೆ, ವಾಹನಗಳ ಕಾಟವಿಲ್ಲ. ಕೊನೆಯಲ್ಲಿ ಬಾದಾಮಿ ಸಿಹಿ ಮಾರುವ ಅಂಗಡಿಗಳು. ದಾರಿಯಲ್ಲಿ ಯಾರಾದರೂ ಹೊಸ್ತಿಲಲ್ಲಿ ಕೂತು ಏನಾದರೂ ಬಿಡಿಸುತ್ತಿದ್ದರೆ ನಿಂತು ಮಾತಾಡಿಸಿ. ಭಾಷೆ ಬಾರದಿದ್ದರೂ ಪರವಾಗಿಲ್ಲ.

ನನಗೆ ಅಲ್ಲಿಯ ಬಾಗಿಲು ತೆರೆದದ್ದು ಕೇಪರ್ ಮೊಗ್ಗು. ಮೇ, ಜೂನ್‌ನಲ್ಲಿ ಕಲ್ಲುಗೋಡೆಗಳ ಬಿರುಕಿನಲ್ಲೆಲ್ಲ ಈ ಬಳ್ಳಿ ಜೋತಾಡುತ್ತದೆ. ಮೊಗ್ಗು ಅರಳುವ ಮುಂಚೆ, ಬಿಸಿಲೇರುವ ಮುಂಚೆ ಕೀಳಬೇಕು. ಮನೆಯೊಡತಿ ಒಂದು ಬೆಳಿಗ್ಗೆ ಬಾಗಿಲು ತಟ್ಟಿ ಕೈಗೊಂದು ಡಬ್ಬಿ ಕೊಟ್ಟರು. ನಾನು ದೊಡ್ಡ ದೊಡ್ಡ ಮೊಗ್ಗುಗಳನ್ನು ಹುಡುಕಿ ಹುಡುಕಿ ಕಿತ್ತೆ. ಅವರು ನನ್ನ ಡಬ್ಬಿಯನ್ನು ಅಂಗೈಗೆ ಸುರುವಿಕೊಂಡು, ಮೆಣಸಿನಕಾಳಿನಷ್ಟಿದ್ದ ಒಂದನ್ನು ಎತ್ತಿ ನನ್ನ ಕಣ್ಣ ಮುಂದೆ ಹಿಡಿದು ‘ಅಫ್ತೋ’ ಎಂದರು. ಇದು ಎಂದರ್ಥ. ಅಂದಿನಿಂದ ದಿನವೂ ಒಂದು ಗಂಟೆ ಜೊತೆಯಾಗಿ ಕಿತ್ತೆವು. ಮೊಗ್ಗನ್ನು ಬಿಸಿಲಿಗೆ ಒಣಗಿಸಿಟ್ಟು, ಬೇಕಾದಾಗ ನೆನೆಸಿ, ರಾಶಿ ಈರುಳ್ಳಿಯ ಜೊತೆ ಮೆತ್ತಗಾಗುವವರೆಗೆ ಬೇಯಿಸಿದರೆ ಕಪಾರೊಸಲಾತಾ. ನಿಮ್ಮ ಅಮ್ಮನಿಗೆ ಖಂಡಿತ ಹಿಡಿಸುತ್ತದೆ, ಪೂರ್ತಿ ಸಸ್ಯಾಹಾರ.

ಮೇ 21 ಕಾನ್ಸ್ಟಂಟೈನ್ ಮತ್ತು ಹೆಲೆನ್ ಸಂತರ ದಿನ. ಕೋಸ್ತಾಸ್, ಎಲೆನಿ ಹೆಸರಿನವರಿಗೆಲ್ಲ ಅಂದು ಹುಟ್ಟುಹಬ್ಬಕ್ಕಿಂತ ದೊಡ್ಡ ದಿನ. ಹೆಸರಿನವರೇ ಬಂದವರಿಗೆ ಸಿಹಿ ಕೊಡುತ್ತಾರೆ. ನೀವು ತಲುಪುವಾಗ ಅದು ಮುಗಿದಿರುತ್ತದೆ. ಆದರೆ ಯಾರದ್ದೇ ಹೆಸರಿನ ದಿನವಿದ್ದರೂ ‘ಹ್ರೋನಿಯಾ ಪೊಲಾ’, ಹಲವು ವರ್ಷ ಬಾಳಿ ಎಂದು ಹೇಳಿದರೆ ಸಾಕು, ತಟ್ಟೆ ಮುಂದೆ ಬರುತ್ತದೆ. ಬೇಡ ಎನ್ನಬೇಡಿ. ಇನ್ನು ಜೂನ್ ಒಂದರಂದು ಎಲ್ಲರೂ ಎಲ್ಲರಿಗೂ ‘ಕಲೊ ಕಲೊಕೇರಿ’, ಒಳ್ಳೆಯ ಬೇಸಿಗೆಯಾಗಲಿ ಎನ್ನುತ್ತಾರೆ.

ದಾರಿಹೋಕ | ಮೇ 8

ನನ್ನ ಹಿಂದಿನ ಮಾತಿಗೆ ನೀವು ಕೊಟ್ಟ ಉತ್ತರ ಎರಡು ಸಲ ಓದಿದೆ. ಹಬ್ಬದ ವಿಷಯದಲ್ಲಿ ಮನಸ್ಸು ಬದಲಾಯಿಸಿಕೊಂಡೆ. ಆದರೆ ಒಂದು ಕಳವಳ ಉಳಿದಿದೆ. ಹೀಗೆ ನಾವು ಹೊಗಳಿ ಹೊಗಳಿಯೇ ಮೇ ತಿಂಗಳನ್ನೂ ಆಗಸ್ಟ್ ಮಾಡಿಬಿಡುತ್ತೇವೆ. ಸಾಂಟೊರಿನಿಗೆ ಆದದ್ದೂ ಇದೇ ಅಲ್ಲವೇ?

ಕಡಲಹಕ್ಕಿ | ಮೇ 8

ನಿಮ್ಮ ಕಳವಳ ನ್ಯಾಯವಾದದ್ದು. ಯೂರೋಪಿನ ಪರಂಪರೆ ಸಂಸ್ಥೆಯಾದ ಯೂರೋಪಾ ನೋಸ್ತ್ರಾ 2024ರಲ್ಲಿ ಅಪಾಯದಂಚಿನಲ್ಲಿರುವ ಏಳು ತಾಣಗಳ ಪಟ್ಟಿ ಮಾಡಿದಾಗ ಸೈಕ್ಲೇಡ್ಸ್ ದ್ವೀಪಗಳನ್ನು ಸೇರಿಸಿತು. ಅದರಲ್ಲೂ ಸಿಫ್ನೋಸ್, ಸೆರಿಫೋಸ್, ಫೊಲೆಗಾಂದ್ರೋಸ್ ಎಂದು ಹೆಸರಿಸಿಯೇ ಹೇಳಿತು. ಗುಡ್ಡದ ಇಳಿಜಾರಿನ ಹಳೆಯ ಕಲ್ಲುಕಟ್ಟೆಯ ಗದ್ದೆಗಳನ್ನು ಅಗೆದು ಈಜುಕೊಳದ ಬಂಗಲೆ ಕಟ್ಟುತ್ತಿದ್ದಾರೆ. ಮಳೆಯೇ ಕಡಿಮೆ ಇರುವ ಜಾಗ, ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವವರ ನಡುವೆ ಮನೆಗೊಂದು ಈಜುಕೊಳ. ಚಿಕ್ಕ ದ್ವೀಪಗಳಿಗೆ ವರ್ಗವಾಗಿ ಬರುವ ಶಾಲೆಯ ಶಿಕ್ಷಕರಿಗೆ, ವೈದ್ಯರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಮೇ ಬಂದಂತೆ ಮನೆ ಖಾಲಿ ಮಾಡಿ ಎನ್ನುತ್ತಾರೆ, ಶಾಲೆ ಮುಗಿಯುವುದು ಜೂನ್ ಮಧ್ಯಕ್ಕೆ. ಅಂಥ ಒಬ್ಬ ಶಿಕ್ಷಕಿ ಕಾಫೆನಿಯೋದಲ್ಲಿ ನನ್ನ ಎದುರು ಕೂತು ಕಣ್ಣೊರೆಸಿಕೊಂಡದ್ದನ್ನು ನೋಡಿದ್ದೇನೆ. ನಾನು ಇದ್ದ ಕೋಣೆಯೂ ಯಾರಿಗೋ ಸಿಗದ ಕೋಣೆಯೇ ಇರಬಹುದು ಎಂಬುದು ಆ ಹೊತ್ತು ಗಂಟಲಲ್ಲಿ ಸಿಕ್ಕಿಕೊಂಡಿತು.

ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ. ನಾನು ಮಾಡುವುದು ಇಷ್ಟು: ಮನೆಯೊಡೆಯರು ಅಲ್ಲೇ ವಾಸವಿರುವ ಮನೆಯಲ್ಲಿ ಒಂದು ಕೋಣೆ ಹಿಡಿಯುತ್ತೇನೆ, ಈಜುಕೊಳವಿರುವಲ್ಲಿಗೆ ಹೋಗುವುದಿಲ್ಲ, ಬಸ್ಸಿನಲ್ಲಿ ಓಡಾಡುತ್ತೇನೆ, ಗಡಿಗೆ ಬೇಕಾದರೆ ಅಲ್ಲಿಯ ಕುಂಬಾರರಿಂದಲೇ ಕೊಳ್ಳುತ್ತೇನೆ. ಎರಡು ದಿನಕ್ಕೆಂದು ಹೋಗುವವರು ದಯವಿಟ್ಟು ಹೋಗಬೇಡಿ. ಒಂದು ವಾರವಾದರೂ ಇರಲು ಆಗುವುದಾದರೆ ಹೋಗಿ.

ನೇತ್ರಾವತಿ | ಮೇ 9

ಈ ಮಾತು ಓದಿ ನಾವು ಕಾದಿರಿಸಿದ್ದ ಜಾಗ ಬದಲಿಸಿದೆವು. ಈಗ ಕಮಾರೆಸ್‌ನಲ್ಲಿ ಒಂದು ಮನೆಯ ಮಹಡಿ. ಕೆಳಗೆ ಮನೆಯವರಿದ್ದಾರೆ.

ಬೇಳೆಸಾರು | ಜೂನ್ 4

ಊರಿಗೆ ಮರಳಿ ಎರಡು ದಿನವಾಯಿತು. ಬರೆಯುವುದಾಗಿ ಮಾತು ಕೊಟ್ಟಿದ್ದೆ.

ಹಬ್ಬದ ದಿನ ಮಧ್ಯಾಹ್ನವೇ ಕಮಾರೆಸ್‌ಗೆ ಇಳಿದೆವು. ಪಟವನ್ನು ಮೆರವಣಿಗೆಯಲ್ಲಿ ತಂದು ಹಡಗಿಗೆ ಏರಿಸುತ್ತಾರೆ, ಅದು ದ್ವೀಪದ ಕರಾವಳಿಯನ್ನು ಬಳಸಿಕೊಂಡು ಕ್ರಿಸೊಪಿಗಿಗೆ ಹೋಗುತ್ತದೆ. ನಾವು ಸಮುದ್ರದ ದಾರಿ ಬಿಟ್ಟು ಬಸ್ಸಿನಲ್ಲಿ ಮುಂದಾಗಿ ಹೋದೆವು, ಅಮ್ಮನಿಗೆ ಹಡಗು ಆಗಿಬರುವುದಿಲ್ಲ. ಕ್ರಿಸೊಪಿಗಿಯ ಚರ್ಚು ಸಮುದ್ರಕ್ಕೆ ಚಾಚಿದ ಬಂಡೆಯ ಮೇಲಿದೆ. ಬಂಡೆಗೂ ನೆಲಕ್ಕೂ ನಡುವೆ ಸೀಳು, ಅದಕ್ಕೆ ಪುಟ್ಟ ಸೇತುವೆ. ಕಡಲ್ಗಳ್ಳರು ಅಟ್ಟಿಸಿಕೊಂಡು ಬಂದಾಗ ಒಳಗಿದ್ದ ಹೆಂಗಸರು ಮೊರೆಯಿಟ್ಟರಂತೆ, ದೇವಮಾತೆ ಬಂಡೆಯನ್ನೇ ಸೀಳಿ ಅವರನ್ನು ಕಾಪಾಡಿದಳಂತೆ. ಪಕ್ಕದಲ್ಲಿ ನಿಂತ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಸೇತುವೆಯ ಮೇಲೆ ನಿಂತು ಆ ಸೀಳನ್ನು ಬಹಳ ಹೊತ್ತು ನೋಡಿದರು.

ಹಡಗು ಕಾಣಿಸಿಕೊಂಡಾಗ ಗಂಟೆ ಬಾರಿಸಲು ಶುರುಮಾಡಿದರು. ಹಿಂದೆ ಮುಂದೆ ಮೀನುಗಾರರ ದೋಣಿಗಳು. ದಡದಲ್ಲಿದ್ದವರೆಲ್ಲ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡರು. ಅಮ್ಮ ಕೈಮುಗಿದರು. ಯಾರೂ ವಿಚಿತ್ರವಾಗಿ ನೋಡಲಿಲ್ಲ.

ಊಟದ ಮನೆಯಲ್ಲಿ ನಾವು ಮೂರನೆಯ ಪಂಕ್ತಿಗೆ ಕೂತೆವು. ಮೊದಲು ಕಡಲೆ ಬಂತು. ಅಮ್ಮ ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿದರು, ಸಿಪ್ಪೆಯೂ ಕರಗಿಹೋಯಿತು. ಎದುರು ಕೂತ ಅಜ್ಜ ನಿಂಬೆಹಣ್ಣಿನ ಹೋಳನ್ನು ಅಮ್ಮನ ತಟ್ಟೆಗೆ ತಾನೇ ಹಿಂಡಿದ. ಎರಡನೆಯ ತಟ್ಟೆ ಬರುವ ಮುಂಚೆಯೇ ಬೇಡವೆಂದು ಕೈಯಾಡಿಸಿದೆ. ಬಡಿಸುವ ಹುಡುಗ ಒಳಗೆ ಹೋಗಿ ಇನ್ನೊಂದು ಬಟ್ಟಲು ಕಡಲೆಯನ್ನೇ ತಂದಿಟ್ಟ. ಅಮ್ಮ ಅದನ್ನೂ ಮುಗಿಸಿದರು. ಮುಗಿಸಿದವರೇ ನನ್ನ ಮೊಣಕೈ ತಿವಿದು, ‘ಏಳು, ಹಿಂದೆ ಜನ ನಿಂತಿದ್ದಾರೆ’ ಎಂದರು. ನೀವು ಬರೆದದ್ದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಮದುವೆಮನೆಗಳಲ್ಲಿ ಉಂಡವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮರುದಿನ ಗುರುವಾರ ಪಕ್ಕದ ಅಪೊಕೊಫ್ತೊ ಕಡಲತೀರದಲ್ಲಿ ಊರಿನವರು ನೀರಿಗಿಳಿಯುತ್ತಿದ್ದರು. ಸ್ವರ್ಗಾರೋಹಣದ ದಿನ ವರ್ಷದ ಮೊದಲ ಸಮುದ್ರಸ್ನಾನವಂತೆ. ನೀರು ಇನ್ನೂ ತಣ್ಣಗೆ. ಮನೆಯೊಡತಿ ಮೊಣಕಾಲು ಮುಳುಗುವವರೆಗೆ ಹೋಗಿ, ಪಾಚಿ ಹಿಡಿದ ಕಲ್ಲೊಂದನ್ನು ಎತ್ತಿ ಅಮ್ಮನ ಕೈಗಿಟ್ಟರು. ಕೂದಲು ಬೆಳೆದ ಹಾಗೆ ಪಾಚಿ ಇರುವ ಕಲ್ಲು ಸಿಕ್ಕಿದರೆ ಮನೆಗೆ ಒಳ್ಳೆಯದು, ಮಂಚದ ಕೆಳಗೆ ಇಡಬೇಕು ಎಂದರು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಏನೆನ್ನುತ್ತಾರೋ ಎಂದು ನನಗೆ ಗಾಬರಿ, ಕೊನೆಗೆ ಕಲ್ಲನ್ನು ಆ ಕೋಣೆಯ ಮಂಚದ ಕೆಳಗೇ ಇಟ್ಟು ಬಂದೆವು. ಗಡಿಗೆಯನ್ನು ಮಾತ್ರ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲೇ ತಂದೆವು, ಒಂದು ಚೂರೂ ಒಡೆದಿಲ್ಲ. ಶನಿವಾರ ರಾತ್ರಿ ಕಡಲೆ ನೆನೆಹಾಕುತ್ತಾರಂತೆ. ಸೌದೆ ಒಲೆ ಇಲ್ಲ, ಓವನ್‌ನಲ್ಲಿ ಎಷ್ಟು ಶಾಖ ಇಡಬೇಕು ಎಂದು ಅಮ್ಮ ಕೇಳುತ್ತಿದ್ದಾರೆ.

ಕಡಲಹಕ್ಕಿ | ಜೂನ್ 4

ಓದುತ್ತಾ ಕಣ್ಣು ತುಂಬಿತು. ಅಮ್ಮನಿಗೆ ಹೇಳಿ: 150 ಡಿಗ್ರಿ ಇಡಲಿ, ಐದಾರು ಗಂಟೆ ಬೇಕು. ಮಣ್ಣಿನ ಗಡಿಗೆಯನ್ನು ಬಿಸಿ ಓವನ್‌ಗೆ ನೇರವಾಗಿ ಇಡಬಾರದು, ತಣ್ಣಗಿರುವಾಗಲೇ ಇಟ್ಟು ಆಮೇಲೆ ಹಚ್ಚಬೇಕು. ನೀರು ಕಡಲೆಗಿಂತ ಎರಡು ಬೆರಳು ಮೇಲಿರಲಿ. ಮುಚ್ಚಳ ತೆಗೆದು ತೆಗೆದು ನೋಡಬಾರದು. ನಿಂಬೆಹಣ್ಣು ತಟ್ಟೆಗೆ ಹಾಕಿದಮೇಲೆ.

ನೇತ್ರಾವತಿ | ಜೂನ್ 5

ಕಮಾರೆಸ್‌ನಿಂದ ಬರೆಯುತ್ತಿದ್ದೇನೆ. ಕೆಳಗಿನ ಮನೆಯವರು ನಿನ್ನೆ ಸಂಜೆ ಯಜಮಾನರನ್ನು ತಾವ್ಲಿ ಪಗಡೆಯಾಟಕ್ಕೆ ಕರೆದರು. ಹಡಗಿನಲ್ಲಿದ್ದಾಗ ಕಲಿತ ಆಟ, ಇವರಿಗೆ ಗೊತ್ತು. ರಾತ್ರಿ ಹನ್ನೊಂದಾದರೂ ಇಬ್ಬರೂ ಎದ್ದಿಲ್ಲ, ನಾನೂ ಆಕೆಯೂ ಮೆಟ್ಟಿಲ ಮೇಲೆ ಕೂತು ಅವರೆಕಾಳಿನಂಥದ್ದನ್ನು ಸುಲಿದೆವು. ಮುಂದಿನ ವರ್ಷದ ಹಬ್ಬದ ದಿನ ಯಾವುದು, ಹಳೆಯಕಲ್ಲು ಅವರೇ?

ಹಳೆಯಕಲ್ಲು | ಜೂನ್ 5

2026ರಲ್ಲಿ ಆರ್ಥಡಾಕ್ಸ್ ಈಸ್ಟರ್ ಏಪ್ರಿಲ್ 12. ಸ್ವರ್ಗಾರೋಹಣ ಮೇ 21, ಗುರುವಾರ. ಅಂದೇ ಕೋಸ್ತಾಸ್, ಎಲೆನಿಯರ ಹೆಸರಿನ ದಿನವೂ ಹೌದು. ಹಬ್ಬದ ಸಂಜೆ ಮೇ 20, ಬುಧವಾರ.

ಕಡಲಹಕ್ಕಿ | ಜೂನ್ 5

ರಜೆಗೆ ಇವತ್ತೇ ಅರ್ಜಿ ಹಾಕಿದೆ.